ಕೊಯ್ಲಿನ ದಿನದ ಬುತ್ತಿ: ಖಾನಾಪುರದಲ್ಲಿ ನಾವು ಕಲಿತದ್ದು

ಅಡಿಕೆ ಕೊನೆ ಇಳಿಸುವ ದಿನ ಬಂತೆಂದರೆ ತೋಟಿಗರ ಮನೆಯ ಅಡಿಗೆಮನೆಯಲ್ಲಿ ನಸುಕಿನ ನಾಲ್ಕು ಗಂಟೆಗೇ ದೀಪ ಹೊತ್ತುತ್ತದೆ. ಕೊನೆ ಇಳಿಸುವವರು, ಹೊರುವವರು, ಸುಲಿಯುವವರು ಎಲ್ಲ ಸೇರಿ ಹದಿನೈದು ಜನರ ಊಟ. ಅದರ ಬೆನ್ನಿಗೇ ಕಾಫಿ ಹಣ್ಣಿನ ಕೊಯ್ಲು. ಈ ಮೂರು ತಿಂಗಳಲ್ಲಿ ಕೊಯ್ದ ಅಡಿಕೆಯ ಲೆಕ್ಕ, ಒಣಗಿಸಿದ ಕಾಫಿಯ ಲೆಕ್ಕ ಎಲ್ಲವೂ ನಮ್ಮ ಮನೆಗಳ ಪುಸ್ತಕದಲ್ಲಿ ಸಿಗುತ್ತದೆ. ಬೇಯಿಸಿದ ಊಟದ ಲೆಕ್ಕವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಆ ಊಟದ ವಿಷಯವನ್ನೇ ಸದಸ್ಯ ಬಂಧುಗಳ ಮುಂದಿಡಲು ಹೊರಟಿದ್ದೇವೆ.

ನಾವು ಇಬ್ಬರು ಓರಗಿತ್ತಿಯರು. ಯಲ್ಲಾಪುರದ ಕಡೆ ಎರಡೂವರೆ ಎಕರೆ ಅಡಿಕೆ ತೋಟ, ನಡುವೆ ಕಾಫಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ತೋಟ ಮನೆಯಿಂದ ಒಂದು ಮೈಲಿ ದೂರ. ಹಿಂದೆ ಮಧ್ಯಾಹ್ನ ಬಿಸಿ ಅಡಿಗೆ ಮಾಡಿ ತಲೆಯ ಮೇಲೆ ಹೊತ್ತು ಒಯ್ಯುತ್ತಿದ್ದೆವು. ನಮ್ಮಲ್ಲಿ ಹಿರಿಯವಳಿಗೆ ಮೊಣಕಾಲು ನೋವು ಬಂದ ಮೇಲೆ ಅದು ನಿಂತಿತು. ಬೆಳಗಿನಲ್ಲೇ ಎಲ್ಲವನ್ನೂ ಮಾಡಿ, ಆಳುಗಳ ಜೊತೆಗೇ ಬುತ್ತಿ ಕಳಿಸುವ ಕ್ರಮ ಇಟ್ಟುಕೊಂಡೆವು. ತಪ್ಪು ಆಗಿದ್ದು ಅಲ್ಲಿ.

ಒಂದು ದಿನದ ಕಹಿ

ಹಿಂದಿನ ವರ್ಷದ ಕೊಯ್ಲಿನ ಮೊದಲ ವಾರ. ಬೆಳಗಿನ ಅವಸರ ತಪ್ಪಲೆಂದು ರಾತ್ರಿಯೇ ಕಾಯಿ ಚಟ್ನಿ ರುಬ್ಬಿಟ್ಟಿದ್ದೆವು. ಆ ರಾತ್ರಿ ಕರೆಂಟ್ ಇರಲಿಲ್ಲ, ಫ್ರಿಜ್ ನಿಂತಿತ್ತು. ಬೆಳಿಗ್ಗೆ ಮೂಗಿಗೆ ಹಿಡಿದು ನೋಡಿದಾಗ ವಾಸನೆಯೇನೂ ಬರಲಿಲ್ಲ. ಹಬೆಯಾಡುವ ದೋಸೆಯ ಮೇಲೆ ಅದನ್ನೇ ಸವರಿ, ಡಬ್ಬಿಗೆ ತುಂಬಿ ಬಾಯಿ ಬಿಗಿದು ಕಳಿಸಿದೆವು. ಅವರು ಉಂಡದ್ದು ಮಧ್ಯಾಹ್ನ ಒಂದೂವರೆಗೆ.

ಮೂರು ಗಂಟೆಯ ಹೊತ್ತಿಗೆ ನಾಲ್ವರಿಗೆ ವಾಂತಿ ಶುರುವಾಯಿತು. ಅವರಲ್ಲಿ ಕೊನೆ ಇಳಿಸುವವರೂ ಒಬ್ಬರು. ನಲವತ್ತು ಅಡಿ ಮರದ ತುದಿಯಲ್ಲಿದ್ದಾಗಲೇ ಹೊಟ್ಟೆ ತೊಳಸಿ ಕೈ ನಡುಗಿತಂತೆ. ಹೇಗೋ ಮರವನ್ನು ಅಪ್ಪಿಕೊಂಡು ಜಾರುತ್ತ ಇಳಿದರು. ದೇವರ ದಯೆ, ಬೀಳಲಿಲ್ಲ. ಎರಡು ದಿನ ಕೊಯ್ಲು ನಿಂತಿತು. ಔಷಧದ ಖರ್ಚು, ಆ ಎರಡು ದಿನದ ಕೂಲಿ ಎರಡನ್ನೂ ಕೊಟ್ಟೆವು. ಆದರೆ ಮೂರನೆಯ ದಿನ ಅವರು ಬಂದು, "ಅಮ್ಮ, ಇನ್ನು ಬುತ್ತಿ ಬೇಡ, ನಾವೇ ಮನೆಯಿಂದ ತರ್ತೇವೆ" ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಇಪ್ಪತ್ತು ವರ್ಷದಿಂದ ನಮ್ಮ ಮನೆಯಲ್ಲಿ ಉಂಡವರ ಬಾಯಿಂದ ಆ ಮಾತು ಕೇಳಿದ ಮೇಲೆ ನಮಗಿಬ್ಬರಿಗೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಬೇಕರಿ ಬ್ರೆಡ್ಡು, ಜಾಮ್ ತರಿಸಿ ಕೊಟ್ಟರಾಯಿತು ಎಂದು ಮನೆಯ ಗಂಡಸರು ಸೂಚಿಸಿದರು. ಎರಡು ದಿನ ಅದನ್ನೂ ಮಾಡಿದೆವು. ಜಾಮ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಸಕ್ಕರೆ. ಮರ ಹತ್ತುವವರಿಗೆ, ಮೂಟೆ ಹೊರುವವರಿಗೆ ಅದು ಒಂದು ಗಂಟೆಯ ಊಟ. ನಾಲ್ಕು ಗಂಟೆಗೆ ಎಲ್ಲರೂ ಹಸಿದು ಕುಳಿತಿದ್ದರು.

ಎಳ್ಳ ಅಮವಾಸ್ಯೆಯ ಬುತ್ತಿ

ನಮ್ಮ ಮನೆಯ ಹುಡುಗಿಯೊಬ್ಬಳು ಖಾನಾಪುರ ತಾಲೂಕಿನಲ್ಲಿ ಶಾಲಾ ಶಿಕ್ಷಕಿ. ಮೊದಲ ಕೊಯ್ಲು ಮುಗಿದ ಮೇಲೆ, ಮನೆಯನ್ನು ನಾಲ್ಕು ದಿನ ಗಂಡಸರ ಕೈಗೆ ಬಿಟ್ಟು, ಹಳಿಯಾಳ, ಅಳ್ನಾವರ ದಾಟಿ ಅವಳಲ್ಲಿಗೆ ಹೋದೆವು. ಖಾನಾಪುರ ಎರಡು ಮುಖದ ತಾಲೂಕು. ಪಡುವಣಕ್ಕೆ ಕಣಕುಂಬಿ, ಜಾಂಬೋಟಿಯ ಕಾಡು ಮತ್ತು ಮಳೆ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಮೂಡಣಕ್ಕೆ ಬಂದಂತೆ ಗದ್ದೆ, ಕಬ್ಬು, ಮುಂದೆ ಬೈಲಹೊಂಗಲದ ಕಡೆ ಎರೆಹೊಲ. ಹೀಗಾಗಿ ಅಲ್ಲಿಯ ಮನೆಗಳಲ್ಲಿ ಅನ್ನವೂ ಉಂಟು, ರೊಟ್ಟಿಯೂ ಉಂಟು.

ಅವಳು ಬಾಡಿಗೆಗಿರುವ ಮನೆಯ ಒಡತಿಯನ್ನು ಎಲ್ಲರೂ 'ಆಯಿ' ಎನ್ನುತ್ತಾರೆ. ನಮ್ಮ ಕಡೆ ತಾಯಿಗೆ ಆಯಿ, ಅಲ್ಲಿ ಅಜ್ಜಿಗೆ ಆಯಿ. ಎಳ್ಳ ಅಮವಾಸ್ಯೆಯ ದಿನ ಅವರ ತವರಿನ ಹೊಲಕ್ಕೆ ನಮ್ಮನ್ನೂ ಕರೆದೊಯ್ದರು. ಆ ದಿನ ಬೆಳಗಾವಿ ಸೀಮೆಯ ಒಕ್ಕಲಿಗರು ಮನೆಮಂದಿಯೆಲ್ಲ ಸೇರಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬೆಳೆಗೆ ಪೂಜೆ ಮಾಡಿ, ತಂದ ಅಡಿಗೆಯನ್ನು ಭೂತಾಯಿಗೆ ಎಡೆಯಾಗಿ ಹೊಲದ ತುಂಬ ಚೆಲ್ಲುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎಂದು ಹೆಸರು. ಆಮೇಲೆ ಎಲ್ಲರೂ ಅಲ್ಲೇ ಕುಳಿತು ಊಟ.

ಗಂಟು ಬಿಚ್ಚಿದಾಗ ನಾವು ಕಣ್ಣು ಬಿಟ್ಟು ನೋಡಿದೆವು. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಬದನೆಕಾಯಿ ಭರ್ತ, ಮಡಕೆ ಕಾಳಿನ ಪಲ್ಯ, ಝುಣಕದ ವಡಿ. ಹಿಂಡಿ ಎಂದರೆ ನಮ್ಮ ಕಡೆ ದನಕ್ಕೆ ಹಾಕುವುದು. ಅಲ್ಲಿ ಹಿಂಡಿಯೆಂದರೆ ಕುಟ್ಟಿದ ಒಣ ಚಟ್ನಿ. ಬೆಳಿಗ್ಗೆ ಏಳಕ್ಕೆ ಕಟ್ಟಿದ ಬುತ್ತಿಯನ್ನು ಉಂಡಾಗ ಎರಡು ಗಂಟೆ ದಾಟಿತ್ತು, ಬಿಸಿಲು ಸುಡುತ್ತಿತ್ತು. ಯಾವುದೂ ಹಳಸಿರಲಿಲ್ಲ. ಅಷ್ಟೂ ಪದಾರ್ಥಗಳಲ್ಲಿ ಎಲ್ಲಿಯೂ ಹಸಿ ತೆಂಗಿನಕಾಯಿ ಇರಲಿಲ್ಲ.

ನಮ್ಮ ಕಥೆ ಕೇಳಿದ ಆಯಿ ಹೇಳಿದ್ದು ಇಷ್ಟೇ: "ಹಸಿ ಕಾಯಿ ಚಟ್ನಿ ಮನ್ಯಾಗ ಉಣ್ಣಾಕ ಚಲೋರಿ ಅಕ್ಕಾರ, ಹೊಲಕ್ಕ ಒಯ್ಯಾಕಲ್ಲ. ಮತ್ತ ಬುತ್ತಿ ಬಿಸಿ ಇದ್ದಾಗ ಕಟ್ಟಬಾರದು. ಬಿಸೀದು ಬೆವರತೈತಿ, ಬೆವತದ್ದು ಕೆಡತೈತಿ."

ಕೆಡಲು ಕಾರಣವೇನು

ಆಯಿಯ ಮಾತಿನಲ್ಲಿ ಶಾಸ್ತ್ರವೂ ಇದೆ. ಆಹಾರ ಕೆಡಿಸುವ ಜೀವಾಣುಗಳಿಗೆ ಬೇಕಾದದ್ದು ಮೂರು: ನೀರಿನ ಪಸೆ, ಕೈಗೆ ಬೆಚ್ಚಗೆನಿಸುವಷ್ಟು ಶಾಖ, ಮತ್ತು ಸಮಯ. ತುರಿದ ಹಸಿ ಕಾಯಿಯಲ್ಲಿ ಪಸೆಯೂ ಇದೆ, ಪುಷ್ಟಿಯೂ ಇದೆ, ಹುಳಿ ಕಡಿಮೆ. ಬಿಸಿಯಾಗಿ ಮುಚ್ಚಿದ ಡಬ್ಬಿ ತಾಸುಗಟ್ಟಲೆ ಬೆಚ್ಚಗೇ ಇರುತ್ತದೆ, ಮುಚ್ಚಳದ ಹಬೆ ನೀರಾಗಿ ಕೆಳಗಿಳಿಯುತ್ತದೆ. ಜೀವಾಣುಗಳಿಗೆ ಇದಕ್ಕಿಂತ ಒಳ್ಳೆಯ ಮನೆ ಬೇರೆ ಬೇಡ. ಇನ್ನೊಂದು ಅಂಶ, ಹೊಟ್ಟೆ ಕೆಡಿಸುವಷ್ಟು ಜೀವಾಣು ಬೆಳೆದಿದ್ದರೂ ವಾಸನೆ ಬರಲೇಬೇಕೆಂದಿಲ್ಲ. ಮೂಗನ್ನು ನಂಬಿ ನಾವು ಮೋಸಹೋದದ್ದು ಹೀಗೆ.

ಇದಕ್ಕೆ ಪರಿಹಾರವೂ ಮೂರು. ಹುರಿದು ಇಲ್ಲವೇ ಬಾಡಿಸಿ ನೀರಿನಂಶ ಕಡಿಮೆ ಮಾಡುವುದು. ಹುಣಸೆ ಅಥವಾ ಲಿಂಬೆಯ ಹುಳಿ, ಸಾಕಷ್ಟು ಉಪ್ಪು ಸೇರಿಸುವುದು. ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಆಮೇಲೆ ಕಟ್ಟುವುದು.

ಪೌಷ್ಟಿಕತೆಯ ಲೆಕ್ಕದಲ್ಲೂ ಈ ಬುತ್ತಿ ಮೇಲು. ಅಕ್ಕಿ, ಗೋಧಿ, ಜೋಳದ ಪ್ರೋಟೀನಿನಲ್ಲಿ ಕೊರತೆಯಾಗುವ ಲೈಸಿನ್ ಎಂಬ ಅಂಶವನ್ನು ಬೇಳೆಕಾಳು ತುಂಬಿಕೊಡುತ್ತದೆ. ರೊಟ್ಟಿಗೆ ಕಾಳು ಕೂಡಿದರೆ ಊಟ ಪೂರ್ಣವಾಗುತ್ತದೆ, ಹಸಿವು ಹೆಚ್ಚು ಹೊತ್ತು ತಡೆಯುತ್ತದೆ. ವಿಶ್ವಸಂಸ್ಥೆ 2016ನೆಯ ಇಸವಿಯನ್ನು ಬೇಳೆಕಾಳುಗಳ ವರ್ಷವೆಂದು ಆಚರಿಸಿತ್ತು. ಪಶ್ಚಿಮ ಏಷ್ಯಾದ ಜನರು ಬೇಯಿಸಿದ ಕಡಲೆಯನ್ನು ಎಳ್ಳಿನೊಂದಿಗೆ ನುಣ್ಣಗೆ ಅರೆದು 'ಹಮ್ಮಸ್' ಎಂದು ರೊಟ್ಟಿಗೆ ಹಚ್ಚಿ ತಿನ್ನುತ್ತಾರೆ. ನಮ್ಮ ಹುರುಳಿ ಚಟ್ನಿ ಅದರ ಅಕ್ಕತಂಗಿಯೇ ಸರಿ.

ಬರುವಾಗ ಖಾನಾಪುರದಿಂದ ಸುಮಾರು 25 ಕಿಲೋಮೀಟರ್ ದೂರದ ಬೆಳಗಾವಿಗೂ ಹೋಗಿ, ರವಿವಾರ ಪೇಟೆಯಲ್ಲಿ ಶೇಂಗಾ, ಅಗಸೆ, ಗುರೆಳ್ಳು ಕೊಂಡೆವು. ಮೆಣಸಿನಕಾಯಿಯಲ್ಲಿ ಖಾರಕ್ಕೆ ಸಂಕೇಶ್ವರದ್ದು, ಬಣ್ಣಕ್ಕೆ ಬ್ಯಾಡಗಿಯದು ಎಂದು ಆಯಿ ಹೇಳಿಕೊಟ್ಟಿದ್ದರು. ಗೋವೆಗೆ ಹೋಗುವ ತರಕಾರಿ ಲಾರಿಗಳನ್ನು ನೋಡುತ್ತ, ಇಷ್ಟು ತರಕಾರಿ ನಡುವೆ ಇರುವವರ ಬುತ್ತಿ ಸೊಗಸಾಗಿರದೆ ಇನ್ನೇನು ಎಂದುಕೊಂಡೆವು.

ನಮ್ಮ ಮನೆಯಲ್ಲಿ ನಿಂತ ನಾಲ್ಕು ಬಗೆ

ಕಾಫಿ ಕೊಯ್ಲಿನ ಹೊತ್ತಿಗೆ ಒಂದೊಂದಾಗಿ ಮಾಡಿ ನೋಡಿದೆವು. ಮೊದಲು ನಾವೇ ಉಂಡು, ಆಮೇಲೆ ಇತರರಿಗೆ ಕೊಟ್ಟೆವು. ಅಳತೆಗಳು ಹನ್ನೆರಡರಿಂದ ಹದಿನೈದು ಜನರಿಗೆ.

1. ಶೇಂಗಾ ಹಿಂಡಿ: ಅರ್ಧ ಕಿಲೋ ಶೇಂಗಾ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಸಿಪ್ಪೆ ತಿಕ್ಕಿ ತೆಗೆಯಬೇಕು. ಹದಿನೈದು ಎಸಳು ಬೆಳ್ಳುಳ್ಳಿಯನ್ನು ತೇವ ಆರುವಷ್ಟು ಹುರಿದುಕೊಳ್ಳಬೇಕು. ಎರಡು ಚಮಚ ಜೀರಿಗೆ, ಮೂರು ಚಮಚ ಮೆಣಸಿನ ಪುಡಿ, ಎರಡು ಚಮಚ ಉಪ್ಪು, ಚೂರು ಒಣ ಹುಣಸೆ ಸೇರಿಸಿ ಒರಳಲ್ಲಿ ಕುಟ್ಟಬೇಕು. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಆದರೂ ನಷ್ಟವಿಲ್ಲ, ರೊಟ್ಟಿಗೆ ಹಚ್ಚಲು ಅದೂ ಚೆನ್ನ. ನೀರು ಸೋಕದ ಭರಣಿಯಲ್ಲಿ, ಒಣ ಚಮಚದಿಂದ ತೆಗೆಯುತ್ತಿದ್ದರೆ ಹದಿನೈದು ದಿನಕ್ಕೆ ಭಯವಿಲ್ಲ. ತೋಟದಲ್ಲಿ ಉಣ್ಣುವಾಗ ಎಣ್ಣೆ ಇಲ್ಲವೇ ಮೊಸರು ಕಲಸಿಕೊಳ್ಳಬಹುದು.

2. ಹುರುಳಿ ಚಟ್ನಿ: ಕಾಲು ಕಿಲೋ ಹುರುಳಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಬೇಕು. ಕಟ್ಟು ಬಸಿದು ಮನೆಯವರ ಸಾರಿಗೆ ಇಟ್ಟುಕೊಳ್ಳಬಹುದು. ಕಾಳಿಗೆ ಹುರಿದ ಆರು ಒಣಮೆಣಸು, ಹತ್ತು ಎಸಳು ಬೆಳ್ಳುಳ್ಳಿ, ಲಿಂಬೆಹಣ್ಣಿನ ಅರ್ಧದಷ್ಟು ಹುಣಸೆ, ಉಪ್ಪು, ಚೂರು ಬೆಲ್ಲ ಹಾಕಿ, ನೀರು ಹಾಕದೆ ಅರೆಯಬೇಕು. ಬಾಣಲೆಯಲ್ಲಿ ನಾಲ್ಕು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟು, ಚಟ್ನಿ ಬಾಣಲೆಯ ಅಂಚು ಬಿಡುವ ತನಕ ಮಗುಚಬೇಕು. ಚಪಾತಿ ಅಥವಾ ಅಕ್ಕಿ ರೊಟ್ಟಿಗೆ ಸವರಿ ಸುರುಳಿ ಸುತ್ತಿದರೆ ಕೈಯಲ್ಲಿ ಹಿಡಿದೇ ತಿನ್ನಬಹುದು. ಹೆಸರು, ಅಲಸಂದೆಯಿಂದಲೂ ಹೀಗೆಯೇ ಮಾಡಬಹುದು.

3. ಬದನೆಕಾಯಿ ಭರ್ತ: ಒಂದೂವರೆ ಕಿಲೋ ದಪ್ಪ ಬದನೆಕಾಯಿ. ಹುಳು ಇದೆಯೇ ಎಂದು ಸೀಳಿ ನೋಡಿ, ಎಣ್ಣೆ ಸವರಿ, ಕೆಂಡದಲ್ಲಿ ಸುಟ್ಟು ಸಿಪ್ಪೆ ತೆಗೆಯಬೇಕು. ಮಸೆದ ತಿರುಳನ್ನು ಬೆಳ್ಳುಳ್ಳಿ, ಹಸಿಮೆಣಸಿನ ಒಗ್ಗರಣೆಯಲ್ಲಿ ನೀರಾರುವಂತೆ ಬಾಡಿಸಿ, ಉಪ್ಪು, ಎರಡು ಹಿಡಿ ಶೇಂಗಾ ಪುಡಿ, ಲಿಂಬೆರಸ ಬೆರೆಸಬೇಕು. ಶೇಂಗಾ ಪುಡಿ ಉಳಿದ ಪಸೆಯನ್ನು ಹೀರಿಕೊಳ್ಳುತ್ತದೆ. ಹಸಿ ಈರುಳ್ಳಿಯನ್ನು ಇದರಲ್ಲಿ ಬೆರೆಸದೆ ಇಡಿಯಾಗಿಯೇ ಕಳಿಸಿ, ಅಲ್ಲೇ ಹೆಚ್ಚಿಕೊಳ್ಳುವುದು ಲೇಸು.

4. ಝುಣಕ: ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ ಬಾಡಿಸಿ, ಅರಿಶಿನ, ಮೆಣಸಿನ ಪುಡಿ, ಉಪ್ಪು ಹಾಕಿ ಆರು ಲೋಟ ನೀರು ಕುದಿಸಬೇಕು. ಮೂರು ಲೋಟ ಕಡಲೆಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಗಂಟಾಗದಂತೆ ಮಗುಚಿ, ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಬೇಕು. ಎಣ್ಣೆ ಸವರಿದ ತಟ್ಟೆಗೆ ತಟ್ಟಿ ಕೊಯ್ದರೆ ವಡಿ. ಇಪ್ಪತ್ತೈದು ನಿಮಿಷದ ಕೆಲಸ.

ಸೋತದ್ದನ್ನೂ ಹೇಳಬೇಕು. ಸೌತೆಕಾಯಿ ಚಟ್ನಿ ನೀರುಬಿಟ್ಟು ರೊಟ್ಟಿಯನ್ನೆಲ್ಲ ತೋಯಿಸಿತು. ಸುವರ್ಣಗಡ್ಡೆಗೆ ಹುಣಸೆ ಸಾಲದೆ ಎಲ್ಲರ ನಾಲಿಗೆ ತುರಿಸಿತು. ಜೋಳದ ರೊಟ್ಟಿ ನಮ್ಮ ಕೈಗೆ ಇನ್ನೂ ಬಂದಿಲ್ಲ, ತಟ್ಟಿದ್ದು ಒಡೆಯುತ್ತದೆ. ನಮ್ಮ ಅಕ್ಕಿ ರೊಟ್ಟಿ, ಚಪಾತಿಯೇ ಸಾಕೆಂದು ಬಿಟ್ಟೆವು. ಆರಿದ ರೊಟ್ಟಿಯನ್ನು ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಬಟ್ಟೆ ಕಟ್ಟಿದರೆ ಬೆವರುವುದಿಲ್ಲ, ಗಟ್ಟಿಯೂ ಆಗುವುದಿಲ್ಲ.

ಗಮನದಲ್ಲಿಡಬೇಕಾದ ಎಚ್ಚರಿಕೆಗಳು

ಹುರುಳಿ ಚಟ್ನಿ, ಭರ್ತ, ಝುಣಕ ಇವು ಆ ದಿನ ಬೆಳಿಗ್ಗೆ ಮಾಡಿ ಆ ಮಧ್ಯಾಹ್ನವೇ ಮುಗಿಸುವ ಪದಾರ್ಥಗಳು. ಸಂಜೆಗೆ ಉಳಿಸಬಾರದು. ದಿನಗಟ್ಟಲೆ ಇಡಬಹುದಾದದ್ದು ಒಣ ಹಿಂಡಿ ಮಾತ್ರ.

ಬೂಸ್ಟು ಬಂದ, ಮುರುಟಿದ, ಬಣ್ಣ ಕೆಟ್ಟ ಶೇಂಗಾವನ್ನು ಆರಿಸಿ ಎಸೆಯಬೇಕು. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ, ಯಕೃತ್ತಿಗೆ ಕೇಡು. ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಮಲೆನಾಡಿನ ಥಂಡಿಯಲ್ಲಿ ಹೆಚ್ಚು ಕೊಂಡು ಇಡದಿರುವುದೇ ಮೇಲು.

ರಾಜ್ಮಾ ಬಳಸುವವರು ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿ ಬೇಯಿಸಬೇಕು. ಅರೆಬೆಂದ ರಾಜ್ಮಾ ವಾಂತಿ ತರುತ್ತದೆ.

ಹಸಿ ಬೆಳ್ಳುಳ್ಳಿಯನ್ನು ಅರೆದು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ವಾರಗಟ್ಟಲೆ ಇಡುವ ಪದ್ಧತಿ ಅಪಾಯಕಾರಿ. ಗಾಳಿಯಾಡದ ಎಣ್ಣೆಯಡಿ ಮಾರಕ ವಿಷ ಹುಟ್ಟುವ ಸಂಭವವಿದೆ, ಅದಕ್ಕೆ ರುಚಿ ವಾಸನೆ ಇರುವುದಿಲ್ಲ.

ಹುಳಿ ಚಟ್ನಿಯನ್ನು ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಇಡಬಾರದು. ಸ್ಟೀಲ್ ಡಬ್ಬಿ ಒಳ್ಳೆಯದು.

ಬೋರ್ಡೋ ಹೊಡೆಯುವ ದಿನ ಬುತ್ತಿ ಡ್ರಮ್ಮಿನ ಹತ್ತಿರ ಇರಕೂಡದು. ಮೈಲುತುತ್ತ ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆದೇ ಊಟಕ್ಕೆ ಕೂರಬೇಕು. ರೊಟ್ಟಿ ಕೈಯಲ್ಲೇ ಹಿಡಿದು ತಿನ್ನುವ ಊಟವಾದ್ದರಿಂದ ಬುತ್ತಿಯ ಜೊತೆ ಒಂದು ಕೊಡ ನೀರು, ಸಾಬೂನು ಕಳಿಸುವುದನ್ನು ನಾವೀಗ ಮರೆಯುವುದಿಲ್ಲ.

ಬದಲಾದದ್ದು

ಈ ವರ್ಷದ ಕೊಯ್ಲಿಗೆ ಒಂದು ಕ್ರಮ ಮಾಡಿಕೊಂಡೆವು. ಭಾನುವಾರ ಶೇಂಗಾ ಹುರಿದು ಕುಟ್ಟುವ ಕೆಲಸ ಮನೆಯ ಗಂಡಸರದು. ಮೊದಲ ವಾರ ಗೊಣಗಿದರು, ಎರಡನೆಯ ವಾರ ಉಪ್ಪು ಖಾರದ ವಿಷಯದಲ್ಲಿ ನಮಗೇ ಬುದ್ಧಿ ಹೇಳಿದರು. ವಾರದಲ್ಲಿ ಎರಡು ದಿನ ಹುರುಳಿ, ಎರಡು ದಿನ ಝುಣಕ, ಒಂದು ದಿನ ಭರ್ತ, ಒಂದು ದಿನ ಬರಿ ಹಿಂಡಿ ಮೊಸರು. ನಾಲ್ಕು ಗಂಟೆಗೆ ಏಳುತ್ತಿದ್ದವರು ಈಗ ಐದೂಕಾಲಿಗೆ ಏಳುತ್ತೇವೆ. ಹಿರಿಯವಳ ಮೊಣಕಾಲಿಗೆ ಆ ಒಂದೂಕಾಲು ಗಂಟೆಯ ವಿಶ್ರಾಂತಿ ಯಾವ ಎಣ್ಣೆಗಿಂತಲೂ ಹಿತವಾಗಿದೆ.

ಕೊಯ್ಲಿನ ಮೊದಲ ದಿನ, ಕೊನೆ ಇಳಿಸುವವರು ತಮ್ಮ ಬುತ್ತಿಯನ್ನು ತಾವೇ ತಂದಿದ್ದರು. ನಾವು ಒತ್ತಾಯ ಮಾಡಲಿಲ್ಲ. ನಮ್ಮ ಪಾಲಿನ ಡಬ್ಬಿ ತೆಗೆದುಕೊಂಡು ತೋಟಕ್ಕೆ ಹೋಗಿ ಅವರ ಎದುರಿಗೇ ಕುಳಿತು ಉಂಡೆವು. ಎರಡನೆಯ ದಿನ ಅವರು ಒಂದು ಚೂರು ಹುರುಳಿ ಚಟ್ನಿ ಬೇಡಿ ತಮ್ಮ ಅನ್ನಕ್ಕೆ ಕಲಸಿಕೊಂಡರು. ನಾಲ್ಕನೆಯ ದಿನ ಬರಿಗೈಯಲ್ಲಿ ಬಂದು, "ಇವತ್ತು ಏನುಂಟು ಅಮ್ಮ?" ಎಂದು ಕೇಳಿದರು. ಕೊಯ್ಲು ಮುಗಿಯುವವರೆಗೆ ಒಬ್ಬರಿಗೂ ಹೊಟ್ಟೆ ಕೆಡಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಇನ್ನೊಬ್ಬರಿಗೆ ಊಟ ಕಟ್ಟಿ ಕೊಡುವವರು ಅದನ್ನು ಇನ್ನೂ ಹೆಚ್ಚಾಗಿ ಬಲ್ಲವರಾಗಿರಬೇಕು. ಕೊನೆಗೆ ಒಂದು ಸೂಚನೆ. ಗೊಬ್ಬರ, ಮೈಲುತುತ್ತ ಒಟ್ಟಾಗಿ ತರಿಸುವಂತೆ ಕೊಯ್ಲಿನ ಮುಂಚೆ ಶೇಂಗಾ, ಹುರುಳಿಯನ್ನೂ ನಾಲ್ಕಾರು ಮನೆಯವರು ಒಟ್ಟಾಗಿ ತರಿಸಿಕೊಂಡರೆ ಒಳ್ಳೆಯ ಮಾಲು ಸಿಗುತ್ತದೆ, ಕೊಂಡದ್ದು ಬೇಗ ಖರ್ಚಾಗಿ ಬೂಸ್ಟು ಬರುವ ಭಯವೂ ತಪ್ಪುತ್ತದೆ. ತಮ್ಮ ಮನೆಗಳಲ್ಲಿ ಬುತ್ತಿಗೆ ನಿಲ್ಲುವ ಬೇರೆ ಚಟ್ನಿ, ಗೊಜ್ಜುಗಳು ಗೊತ್ತಿದ್ದ ಸೋದರಿಯರು, ಸೋದರರೂ ಕೂಡ, ಅಳತೆ ಸಮೇತ ಬರೆದು ಕಳಿಸಬೇಕಾಗಿ ಕೋರುತ್ತೇವೆ.